ಕಲ್ಲು ಬಳಸಿದ ದಾರಿ

ನಮ್ಮ ಕಡೆ ಹಗೇವಿನ ಬಾಯಿ ಎಲ್ಲಿದೆ ಎಂದು ಹೊರಗಿನವರಿಗೆ ಹೇಳುವ ಪದ್ಧತಿ ಇಲ್ಲ. ಹಗೇವು ಅಂದರೆ ಜೋಳ ತುಂಬಿಡುವ ನೆಲದ ಕೆಳಗಿನ ಕುಣಿ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಸುತ್ತಲೂ ದಂಟು, ಹೊಟ್ಟು ಒತ್ತಿ, ಕಾಳು ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಅಲ್ಲಿ ಏನೂ ಇಲ್ಲ. ಮನೆಯವರಿಗೆ ಮಾತ್ರ ಗೊತ್ತು. ತೆಗೆಯುವಾಗಲೂ ಅವಸರ ಮಾಡುವಂತಿಲ್ಲ. ಕಲ್ಲು ಸರಿಸಿ ಅರ್ಧ ದಿನ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಒಳಗಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ.

ನಾನು ಓದಿದ್ದು ಮೂರನೆಯ ತರಗತಿ, ಅದೂ ಪೂರ್ತಿ ಅಲ್ಲ. ನೆಟ್ಟಗೆ ಓದಲು ಬರೆಯಲು ಕಲಿತದ್ದು ಮಕ್ಕಳ ತಂದೆಯಾದ ಮೇಲೆ. ಈಗ ಬರೆಯುತ್ತಿರುವುದು ನನ್ನ ತಂಗಿಯ ವಿಷಯ. ಅವಳ ಸಾಲಿ ಬಿಡಿಸಿದವನು ನಾನು. ಅವಳಿಗಾಗ ಹತ್ತು ವರ್ಷ, ನನಗೆ ಇಪ್ಪತ್ತೆರಡು. ಊರಲ್ಲಿ ಯಾರೂ ಅದನ್ನು ತಪ್ಪು ಅನ್ನಲಿಲ್ಲ. ಆ ದಿನಗಳಲ್ಲಿ ಹೆಣ್ಣುಮಕ್ಕಳು ಅಷ್ಟರಲ್ಲೇ ಸಾಲಿ ಬಿಡುತ್ತಿದ್ದರು. ಆದರೆ ಬಿಡಿಸಿದ ಕಾರಣ ಬೇರೆ, ಹೇಳಿದ ಕಾರಣ ಬೇರೆ. ಅದು ನನಗೊಬ್ಬನಿಗೇ ಗೊತ್ತಿತ್ತು.

ಕುಷ್ಟಗಿಯಿಂದ ತಾವರಗೇರಾಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮೂರು. ಆಗ ನಮಗೆ ಜಿಲ್ಲೆ ರಾಯಚೂರು. ಅಷ್ಟು ದೂರ ಯಾರೂ ಹೋಗುತ್ತಿರಲಿಲ್ಲ. ಸರ್ಕಾರ ಅಂದರೆ ಕುಷ್ಟಗಿಯ ತಹಸೀಲು ಕಚೇರಿ, ಅಷ್ಟೆ. ಎಪ್ಪತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಸರ್ಕಾರ ನಮ್ಮನ್ನು ಎರಡು ಕೆಲಸಕ್ಕೆ ಹುಡುಕಿಕೊಂಡು ಬರುತ್ತಿತ್ತು. ಒಂದು, ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು. ಇನ್ನೊಂದು ಲೆವಿ. ಬೆಳೆದ ಜೋಳದಲ್ಲಿ ಒಂದು ಪಾಲನ್ನು ಸರ್ಕಾರ ಹೇಳಿದ ದರಕ್ಕೆ ಕೊಡಲೇಬೇಕಿತ್ತು, ಅದೇ ಲೆವಿ. ಜೀಪಿನ ಸಪ್ಪಳ ಕೇಳಿದರೆ ಗಂಡಸರು ಹೊಲದ ಕಡೆ ಹೋಗುತ್ತಿದ್ದರು, ಹೆಂಗಸರು ಹಗೇವಿನ ಮೇಲೆ ಸೆಗಣಿಯ ಕುಳ್ಳು ಒಣಹಾಕುತ್ತಿದ್ದರು. ಹೊಸಬ ಯಾರೇ ಊರಿಗೆ ಬಂದರೂ ಇವ ಯಾವುದಕ್ಕೆ ಬಂದವ ಎಂಬುದೇ ಮೊದಲ ಪ್ರಶ್ನೆ.

ಅಂಥ ಹೊತ್ತಿನಲ್ಲಿ ಹೊಸ ಮಾಸ್ತರು ಬಂದರು.

ಹನುಮಪ್ಪನ ಗುಡಿಯ ಪಕ್ಕದ ಒಂದು ಖೋಲಿ, ಮುಂದೊಂದು ಪಡಸಾಲೆ, ಇದೇ ನಮ್ಮ ಸಾಲಿ. ಹಿಂದಿನ ಮಾಸ್ತರು ಕುರ್ಚಿಯಲ್ಲಿ ಕೂತು ಮಗ್ಗಿ ಹೇಳಿಸುತ್ತಿದ್ದರು. ಆ ಸಪ್ಪಳ ಊರ ಹೊರಗಿನ ಬಾವಿಯ ತನಕ ಕೇಳುತ್ತಿತ್ತು. ಕೇಳಿದರೆ ಸಾಲಿ ನಡೆದಿದೆ ಎಂದು ಊರಿಗೆ ಸಮಾಧಾನ. ಹೊಸ ಮಾಸ್ತರು ಬಂದ ಮೇಲೆ ಸಾಲಿಯಿಂದ ಬೇರೆ ಸಪ್ಪಳ ಬರತೊಡಗಿತು. ಹುಡುಗರು ಮಾತಾಡುತ್ತಿದ್ದರು, ಜಗಳಾಡಿದ ಹಾಗೆ. ನಡುನಡುವೆ ನಗು. ಆಮೇಲೆ ಎಲ್ಲರೂ ಒಮ್ಮೆಲೇ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದೇ ನನಗೆ ಸರಿಬರಲಿಲ್ಲ.

ಒಂದು ದಿನ ಎತ್ತಿನ ಮುಖಕ್ಕೆ ಕಟ್ಟುವ ಮಗಡ ಹುಡುಕುವ ನೆಪ ಮಾಡಿ ಸಾಲಿಯ ಹಿಂದಿನ ಕಿಟಕಿಯ ಹತ್ತಿರ ನಿಂತೆ. ಹುಡುಗರನ್ನು ಸಾಲಿನಲ್ಲಿ ಕೂರಿಸದೆ ಅರ್ಧ ಸುತ್ತಿನಲ್ಲಿ ಕೂರಿಸಿದ್ದರು. ಮಾಸ್ತರು ಕುರ್ಚಿ ಬಿಟ್ಟು ನೆಲಕ್ಕೆ ಕೂತಿದ್ದರು. ಗೋಡೆಗೆ ಒಂದು ಹಲಗೆ ಒರಗಿಸಿತ್ತು. ಕಿನ್ನಾಳದವರು ಬಣ್ಣ ಹಚ್ಚಿ ಮಾಡುತ್ತಾರಲ್ಲ, ಆ ತರಹದ್ದು, ಮೊಳದಷ್ಟು ಅಗಲ. ಅದರ ಮೇಲೆ ಒಂದು ಮನೆಯ ಅಂಗಳ. ಕೆಂಪು ಸೀರೆಯ ಹೆಂಗಸೊಬ್ಬಳು ಮೊರದಲ್ಲಿ ಕಾಳು ಕೇರುತ್ತ ನಿಂತಿದ್ದಾಳೆ, ಕಟ್ಟಿದ ಎತ್ತು, ಚಪ್ಪಡಿ ಕಲ್ಲಿನ ಮೇಲೆ ನಿಂತ ಕೋಳಿ. ಅಷ್ಟೆ. ದೇವರಿಲ್ಲ, ರಾಜನಿಲ್ಲ.

ಮಾಸ್ತರು ಪಾಠ ಹೇಳುತ್ತಿರಲಿಲ್ಲ. ಮೂರೇ ಮಾತು ಕೇಳುತ್ತಿದ್ದರು. ಏನೇನು ಕಾಣತೈತಿ? ಏನು ನೋಡಿ ಹಂಗಂತಿ? ಇನ್ನೂ ಏನರ ಐತೇನು?

ಕುಂಬಾರರ ಹುಡುಗ ಎದ್ದು ಆಕೆಗೆ ಸಿಟ್ಟು ಬಂದಿದೆ ಅಂದ. ಏನು ನೋಡಿ ಹಂಗಂತಿ ಅಂದರೆ, ಒಂದು ಕಣ್ಣು ಸಣ್ಣ ಮಾಡಿದ್ದಾಳೆ ಅಂದ. ಇನ್ನೊಬ್ಬಳು, ಸಿಟ್ಟಲ್ಲ, ಕೇರುವಾಗ ಕಣ್ಣಲ್ಲಿ ಹೊಟ್ಟು ಬಿದ್ದಿದೆ, ನಮ್ಮವ್ವನೂ ಹಂಗೇ ಮಾಡುತ್ತಾಳೆ ಅಂದಳು. ಹಿಂದೆ ಕೂತಿದ್ದ ಗೌಡರ ಮನೆಯ ದೊಡ್ಡ ಹುಡುಗ ಕೂತಲ್ಲಿಂದಲೇ ಅಂದ:

"ಏನೂ ಇಲ್ರಿ ಮಾಸ್ತರ. ಬರದಾವಗ ಕಣ್ಣು ಬರಿಯಾಕ ಬರೂದಿಲ್ಲ."

ಎಲ್ಲರೂ ನಕ್ಕರು. ನನಗೂ ಕಿಟಕಿಯ ಹಿಂದೆ ನಗು ಬಂತು. ಈಗ ಬೆತ್ತ ಬೀಳುತ್ತದೆ ಎಂದು ಕಾದೆ. ಮಾಸ್ತರು, "ಇರಬೌದು. ಏನು ನೋಡಿ ಹಂಗಂತಿ?" ಅಂದರು. ಹುಡುಗ ಎದ್ದು ಹಲಗೆಯ ಹತ್ತಿರ ಹೋದ. ಎತ್ತಿನ ಎರಡೂ ಕಣ್ಣು ಸಮ ಇವೆ, ಕೋಳಿಯದೂ ಸರಿ ಇದೆ, ಆದ್ದರಿಂದ ಹೆಂಗಸಿನದು ತಪ್ಪಿದ್ದಲ್ಲ, ಬೇಕೆಂದೇ ಬರೆದದ್ದು ಎಂದು ತಾನೇ ತನ್ನ ಮಾತು ತಿರುಗಿಸಿದ. ಆಮೇಲೆ ಮಾಸ್ತರು ಅವರವರು ಆಡಿದ ಮಾತನ್ನೇ ಕರಿಹಲಗೆಯ ಮೇಲೆ ಬರೆದು ಅವರವರಿಂದಲೇ ಓದಿಸಿದರು. ಕಾಲು ಎಣಿಸಿ ಲೆಕ್ಕ ಮಾಡಿಸಿದರು: ಎತ್ತಿನವು, ಕೋಳಿಯವು, ಹೆಂಗಸಿನವು.

ಇದನ್ನೆಲ್ಲ ಈಗ ಪಾಠ ಎಂದು ಬರೆಯುತ್ತಿದ್ದೇನೆ. ಆವತ್ತು ನಾನು ನೋಡಿದ್ದು ಬೇರೆ. ಮಾಸ್ತರ ತೊಡೆಯ ಮೇಲೆ ಕೆಂಪು ರಟ್ಟಿನ ಒಂದು ವಹಿ ಇತ್ತು. ಯಾವ ಹುಡುಗ ಬಾಯಿ ತೆಗೆದರೂ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮವ್ವ ಹಂಗ ಮಾಡತಾಳ, ನಮ್ಮಪ್ಪ ಹಿಂಗ ಅಂತಾನ, ನಮ್ಮ ಮನ್ಯಾಗ ಎರಡು ಎತ್ತು ಅದಾವ. ಎಲ್ಲವೂ ವಹಿಯಲ್ಲಿ ಹೋಗುತ್ತಿತ್ತು.

ಬಸ್ಸು ನಿಲ್ಲುವಲ್ಲಿನ ಚಹಾದ ಹೋಟೆಲಿನಲ್ಲಿ ಇದನ್ನು ಹೇಳಿದವನು ನಾನೇ. ಹೇಳಿದ್ದೇ ತಡ, ಒಬ್ಬೊಬ್ಬರೂ ಒಂದೊಂದು ಕಂಡುಹಿಡಿದರು. ಆಪರೇಷನ್ನಿನವರು ಮನೆಮನೆಗೆ ಎಷ್ಟು ಮಕ್ಕಳು ಎಂದು ತಿಳಿಯಲು ಕಳಿಸಿದ ಆಳು ಅಂದ ಒಬ್ಬ. ಯಾರದೋ ಧರ್ಮಕ್ಕೆ ಸೇರಿಸುವವ ಇರಬೇಕು ಅಂದ ಇನ್ನೊಬ್ಬ. ಧರ್ಮಕ್ಕೆ ಸೇರಿಸುವವ ಕೋಳಿ ಎತ್ತಿನ ಚಿತ್ರ ಯಾಕೆ ತರುತ್ತಾನೆ ಎಂದು ಮಗದೊಬ್ಬ. ಮೂಲೆಯಲ್ಲಿ ಎಲೆ ತಿನ್ನುತ್ತ ಕೂತಿದ್ದ ಮುದುಕ ಎಲ್ಲ ಮುಗಿಯುವ ತನಕ ಕಾದು ಹೇಳಿದ:

"ಸಾಲಿ ಅಂದ್ರ ಹುಡುಗರ ಬಾಯಿ ಮುಚ್ಚಸೂ ಜಾಗಾ. ಇವ ಬಾಯಿ ಬಿಡಸಾಕ ಹತ್ಯಾನ. ಹುಡುಗರ ಬಾಯಿ ಅಂದ್ರ ತೂತು ಬಿದ್ದ ಚೀಲ. ನೋಡಕೋರಿ."

ಅದು ನನ್ನ ತಲೆಯಲ್ಲಿ ಕೂತಿತು. ನಮ್ಮ ಮನೆಯ ಚೀಲಕ್ಕೆ ತೂತಿಲ್ಲ ಎಂಬ ಧೈರ್ಯವೂ ಇತ್ತು. ನನ್ನ ತಂಗಿ ಜನರ ಮುಂದೆ ಮಾತಾಡುತ್ತಲೇ ಇರಲಿಲ್ಲ. ಬೀಗರು ಬಂದರೆ ಅವ್ವನ ಸೆರಗಿನ ಹಿಂದೆ ನಿಲ್ಲುತ್ತಿದ್ದಳು. ಓಣಿಯ ಹುಡುಗರು ಮೂಗಿ ಎಂದು ಕರೆಯುತ್ತಿದ್ದರು. ಹಿಂದಿನ ಮಾಸ್ತರ ಮಗ್ಗಿಯಲ್ಲೂ ಅವಳು ತುಟಿ ಅಷ್ಟೇ ಅಲ್ಲಾಡಿಸುತ್ತಿದ್ದಳಂತೆ. ಮಾತಾಡುತ್ತಿದ್ದದ್ದು ಎಮ್ಮೆಯ ಕರುವಿನ ಜೊತೆ, ನನ್ನ ಜೊತೆ. ಹೊಲಕ್ಕೆ ಬುತ್ತಿ ತಂದಾಗ ನಾನು ಉಣ್ಣುವ ತನಕ ಬದುವಿನ ಮೇಲೆ ಕೂತು ಒಂದೇ ಸಮ ಹೇಳುತ್ತಿದ್ದಳು. ಹೊಸ ಮಾಸ್ತರು ಬಂದ ಮೇಲೆ ಆ ಮಾತಿನಲ್ಲೆಲ್ಲ ಹಲಗೆಯೇ. ಕೋಳಿಯ ನೆರಳು ಎತ್ತ ಬಿದ್ದಿದೆ, ಎತ್ತಿನ ನೆರಳು ಎತ್ತ ಬಿದ್ದಿದೆ. ನನಗೆ ಒಂದು ತರಹ ಆಗುತ್ತಿತ್ತು. ನಾನು ಸಾಲಿಯಲ್ಲಿ ಕೂತ ಮೂರು ವರ್ಷದಲ್ಲಿ ನಿನಗೇನು ಕಾಣುತ್ತದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆ ಒಂದು ತರಹಕ್ಕೆ ಹೊಟ್ಟೆಕಿಚ್ಚು ಎಂದು ಹೆಸರು ಕೊಡಲು ನನಗೆ ಬಹಳ ವರ್ಷ ಬೇಕಾಯಿತು.

ಒಂದು ಮಧ್ಯಾಹ್ನ ಅವಳು ಪಾಟಿಚೀಲ ಇಳಿಸದೆಯೇ ದನದ ಕೊಟ್ಟಿಗೆಗೆ ಓಡಿ ಬಂದಳು.

"ಅಣ್ಣಾ, ಇವತ್ತ ನಾ ಮಾತಾಡಿನಿ."

ಆ ಚಿತ್ರದ ಅಂಗಳದಲ್ಲಿ ಜನ ನಡೆದು ನಡೆದು ಬೆಳ್ಳಗಾದ ಒಂದು ದಾರಿ ಇತ್ತಂತೆ, ಹೊಸ್ತಿಲಿನಿಂದ ಎತ್ತಿನ ತನಕ. ನಾನು ನೋಡಿದಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಷ್ಟು ದಿನ ಹಲಗೆ ನೋಡಿದ ಯಾವ ಹುಡುಗನಿಗೂ ಬಿದ್ದಿರಲಿಲ್ಲ. ದಾರಿ ನೆಟ್ಟಗೆ ಹೋಗದೆ ಕೋಳಿ ನಿಂತ ಕಲ್ಲಿನ ಹತ್ತಿರ ಬಂದು ಅದನ್ನು ಬಳಸಿಕೊಂಡು ಹೋಗಿತ್ತು. ಕಲ್ಲೇನು ಎತ್ತರವಿರಲಿಲ್ಲ, ನೆಲದ ಸಮಕ್ಕೇ ಇತ್ತು, ದಾಟಿ ಹೋಗಬಹುದಿತ್ತು. ಆದರೂ ಬಳಸಿತ್ತು. ಇವಳು ಕೈ ಎತ್ತಿ ಅದನ್ನು ಹೇಳಿದ್ದಳು. ಯಾಕೆ ಬಳಸಿದೆ ಎಂದು ಹುಡುಗರು ಜಗಳಾಡಿದರು. ಹಾವಿನ ಹುತ್ತ ಅಂದರು, ದೇವರ ಕಲ್ಲು ಅಂದರು. ಆಗ ಮಾಸ್ತರು ಇವಳ ಕಡೆ ತಿರುಗಿ ನಿನಗೇನು ಅನಿಸುತ್ತದೆ ಅಂದರು.

"ಅದರ ಕೆಳಗ ಹಗೇವ ಐತಿ ಅಂದೆ. ಏನು ನೋಡಿ ಹಂಗಂತಿ ಅಂದ್ರು. ನಮ್ಮವ್ವನೂ ಹಿಂಗ ಸುತ್ತ ಹಾಕಿ ಹೊಕ್ಕಾಳ್ರಿ, ಹಿತ್ತಲದಾಗ ಒಳ್ಳಿನ ಹಂತ್ಯಾಕ, ಕಾಳು ಮಲಗಿರತಾವ ತುಳೀಬಾರದು ಅಂತಾಳ್ರಿ ಅಂದೆ."

ಒಳ್ಳು ಅಂದರೆ ಕಾರ ಕುಟ್ಟುವ ಕಲ್ಲು. ನಮ್ಮ ಹಿತ್ತಲಿನ ಒಳ್ಳಿನ ಪಕ್ಕದಲ್ಲೇ ನಮ್ಮ ಹಗೇವಿನ ಬಾಯಿ ಇತ್ತು. ಅಜ್ಜಿಯ ಕಾಲದಿಂದ ಯಾರೂ ಅದರ ಮೇಲೆ ಕಾಲಿಡುತ್ತಿರಲಿಲ್ಲ.

ಮಾಸ್ತರು ಬರಕೊಂಡರೇನು ಎಂದು ಕೇಳಿದೆ. ಬರಕೊಂಡರು ಅಂದಳು. ಮತ್ತೇನಂದರು? ಮನೀ ಮಾತು ಮನ್ಯಾಗಿರಲಿ, ಹೊರಗ ಯಾರೂ ಆಡಬ್ಯಾಡ್ರಿ ಎಂದು ಎಲ್ಲರಿಗೂ ಹೇಳಿದರಂತೆ. ಈ ಮಾತನ್ನು ಈಗ ಬರೆಯುವಾಗ ನನ್ನ ಬೆರಳು ನಿಲ್ಲುತ್ತದೆ. ಅವತ್ತು ನಾನು ಅದನ್ನು ಕೇಳಿದ್ದು ಹೀಗೆ: ತನಗೊಬ್ಬನಿಗೇ ಇರಲಿ ಎಂದು ಉಳಿದವರ ಬಾಯಿ ಮುಚ್ಚಿಸಿದ. ಒಮ್ಮೆ ಸಂಶಯ ಹೊಕ್ಕಿತೆಂದರೆ ಒಳ್ಳೆಯ ಮಾತೂ ಅದಕ್ಕೆ ಮೇವೇ.

ಎಂಟೋ ಹತ್ತೋ ದಿನ ಕಳೆದು ಜೀಪು ಬಂತು. ಅದರಲ್ಲಿ ತಹಸೀಲಿನ ಗಿರದಾವರ, ಅಂದರೆ ಕಂದಾಯದ ಅಧಿಕಾರಿ, ಮತ್ತು ಹಾರೆಕೋಲು ಹಿಡಿದ ಇಬ್ಬರು ಜವಾನರು. ಬೇರೆ ಮನೆಗಳ ಕಡೆ ನೋಡಲಿಲ್ಲ. ನಮ್ಮ ತಲಬಾಗಿಲು ದಾಟಿ, ಪಡಸಾಲೆ ದಾಟಿ, ನೆಟ್ಟಗೆ ಹಿತ್ತಲಿಗೆ ಹೋದರು. ಗಿರದಾವರ ಒಳ್ಳಿನ ಪಕ್ಕ ನಿಂತು ಬೂಟಿನ ಹಿಮ್ಮಡಿಯಿಂದ ನೆಲ ಎರಡು ಸಲ ಕುಟ್ಟಿದ. "ಇಲ್ಲಿ" ಅಂದ. ಅವ್ವ ಒಣಹಾಕಿದ್ದ ಕುಳ್ಳು ಸರಿಸಿ ಅಗೆದರು. ಅಪ್ಪ ಆ ತನಕ ಹಗೇವಿಲ್ಲ ಎಂದು ಕೈಮುಗಿಯುತ್ತಲೇ ಇದ್ದ. ಕಲ್ಲು ಎದ್ದ ಮೇಲೆ ಮುಗಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೇ ನಿಂತ. ಒಳಗೆ ಗಾಳಿ ಆಡುವ ತನಕ ಕಾದು, ಒಯ್ಯುವಷ್ಟು ಒಯ್ದರು. ಊರು ಗೋಡೆಯ ಮೇಲಿಂದ ನೋಡುತ್ತಿತ್ತು. ನನಗೆ ಕಾಳು ಹೋದದ್ದಕ್ಕಿಂತ ಅಪ್ಪ ಸುಳ್ಳುಗಾರನಾದದ್ದು ಸುಟ್ಟಿತು.

ಜೀಪು ಹೋದ ಮೇಲೆ ನಾನು ಮಾಸ್ತರ ಹೆಸರು ತೆಗೆದೆ. ಅವನೇ ಹೇಳ್ಯಾನ, ವಹಿ ಒಯ್ದು ಕೊಟ್ಟಾನ ಎಂದು ಪಡಸಾಲೆಯಲ್ಲಿ ನಿಂತು ಅಂದೆ. ಓಣಿಯವರೆಲ್ಲ ಹೌದು ಹೌದು ಅಂದರು. ಅವ್ವ ಅಳುತ್ತಿದ್ದಳು. ಕಂಬದ ಹತ್ತಿರ ನಿಂತಿದ್ದ ತಂಗಿ, ಅಷ್ಟು ಜನರ ಮುಂದೆ, ನನ್ನನ್ನೇ ನೋಡುತ್ತ ಕೇಳಿದಳು:

"ಮಾಸ್ತರು ಹೇಳ್ಯಾರಂತ... ಏನು ನೋಡಿ ಹಂಗಂತಿ ಅಣ್ಣಾ?"

ಹೊಡೆದೆ. ಕೆನ್ನೆಗೆ. ಅವಳನ್ನು ನಾನು ಅದಕ್ಕೂ ಮೊದಲು ಹೊಡೆದಿರಲಿಲ್ಲ. ಜನರ ಮುಂದೆ ಅವಳು ಆಡಿದ ಮೊದಲ ಮಾತು ನಮ್ಮ ಮನೆಯಲ್ಲಿ ಅದೇ.

ಮರುದಿನ ಮಧ್ಯಾಹ್ನದ ಸೂಟಿಯಲ್ಲಿ ಸಾಲಿಗೆ ಹೋದೆ. ಮಾಸ್ತರು ಬಾವಿಯ ಕಡೆ ಹೋಗಿದ್ದರು. ತಂಗಿ ಇನ್ನು ಸಾಲಿಗೆ ಬರುವುದಿಲ್ಲ ಎಂದು ಅಲ್ಲೇ ಉಳಿದಿದ್ದ ಅವಳ ಪಾಟಿ ತೆಗೆದುಕೊಂಡೆ. ಮೇಜಿನ ಮೇಲೆ ಕೆಂಪು ವಹಿ ಇತ್ತು, ಅದನ್ನೂ ಅಂಗಿಯೊಳಗೆ ಸೇರಿಸಿದೆ. ಗೋಡೆಗೆ ಒರಗಿದ ಹಲಗೆಯ ಹೆಂಗಸು ಒಂದು ಕಣ್ಣು ಸಣ್ಣ ಮಾಡಿ ನೋಡುತ್ತಿದ್ದಳು. ಅವಳನ್ನು ಗೋಡೆಯ ಕಡೆ ತಿರುಗಿಸಿಟ್ಟು ಬಂದೆ.

ಸಂಜೆ ಮಾಸ್ತರು ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಕಟ್ಟೆಯ ಕೆಳಗೆ ಸೈಕಲ್ ಹಿಡಿದು ನಿಂತು ಅಪ್ಪನಿಗೆ ನಮಸ್ಕಾರ ಮಾಡಿದರು. ಕಾಳಿನ ಮಾತು ಕೇಳಿ ಕೆಡುಕೆನಿಸಿತು ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ವಹಿ ಹೋದ್ರ ಹೋಗಲ್ರಿ. ಹುಡುಗೀನ್ನ ಕಳಸ್ರಿ. ಈಗರ ಬಾಯಿ ಬಿಟ್ಟೈತಿ."

"ಬಾಯಿ ಬಿಟ್ಟಿದ್ದ ಸಾಕಾಗೇತ್ರಿ. ನಿಮಗ ತೋರಸಾಕ ನಮ್ಮ ಮನ್ಯಾಗ ಇನ್ನೇನೂ ಉಳದಿಲ್ಲ" ಅಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ವಹಿ ನಿಮ್ಮ ಹಂತ್ಯಾಕ ಇದ್ರ ಒಮ್ಮೆ ಓದಿ ನೋಡ್ರಿ" ಅಂದರು. ನನಗೆ ಓದಲು ಬರುವುದಿಲ್ಲ ಎಂದು ಹಂಗಿಸಿದ ಹಾಗೆ ಕೇಳಿಸಿತು. ನಾನು ಕಟ್ಟೆ ಇಳಿದೆ. ಅಪ್ಪ ನನ್ನ ರಟ್ಟೆ ಹಿಡಿದ. ಮಾಸ್ತರು ಸೈಕಲ್ ತಿರುಗಿಸಿಕೊಂಡು ಹೋದರು.

ಹೋಟೆಲಿನಲ್ಲಿ ಕೂಡಿದವರು ಅರ್ಜಿ ಬರೆಸಿದರು, ಎಲ್ಲರೂ ಹೆಬ್ಬೆಟ್ಟು ಒತ್ತಿದರು. ನನಗೆ ಸಹಿ ಬರುತ್ತಿತ್ತು, ಮಾಡಿದೆ. ಮಾಸ್ತರನ್ನು ಯಲಬುರ್ಗಾ ಕಡೆಯ ಯಾವುದೋ ಹಳ್ಳಿಗೆ ಹಾಕಿದರು. ಹೋಗುವ ದಿನ ಹಲಗೆಯನ್ನು ಟವೆಲಿನಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡಿದ್ದರು. ಸಾಲಿಯಿಂದ ಮತ್ತೆ ಮಗ್ಗಿಯ ಸಪ್ಪಳ ಬಂತು, ಊರಿಗೆ ಸಮಾಧಾನವಾಯಿತು. ತಂಗಿ ಕಳೆ ತೆಗೆಯಲು ಹೋಗತೊಡಗಿದಳು. ಹೊಲಕ್ಕೆ ಬುತ್ತಿ ತರುತ್ತಿದ್ದಳು, ಬದುವಿನ ಮೇಲೆ ಇಟ್ಟು ತಿರುಗಿ ಹೋಗುತ್ತಿದ್ದಳು. ನಾನು ಒಬ್ಬನೇ ಉಣ್ಣುತ್ತಿದ್ದೆ.

ಮೊದಲೇ ಹೇಳಬೇಕಾದ ಒಂದು ಮಾತನ್ನು ಇಲ್ಲಿಯ ತನಕ ಹೇಳಿಲ್ಲ. ಬರೆಯುವಾಗಲೂ ಅದನ್ನು ಬಳಸಿಕೊಂಡೇ ಬಂದೆ.

ಜೀಪು ಬರುವುದಕ್ಕೆ ಹದಿನೈದು ದಿನ ಮೊದಲು ನನಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದಿದ್ದರು. ನಮ್ಮಲ್ಲಿ ಆಗ ವರನ ಮುಖಕ್ಕಿಂತ ಮೊದಲು ಮನೆಯ ಹಗೇವು ಕೇಳುತ್ತಿದ್ದರು. ಎಷ್ಟು ಅದಾವ ಎಂದು ಕೇಳುವುದು ಅವರ ಪದ್ಧತಿ, ದೇವರು ಕೊಟ್ಟಷ್ಟು ಎಂದು ಹೇಳಿ ಮುಗಿಸುವುದು ನಮ್ಮ ಪದ್ಧತಿ. ಅಪ್ಪ ಹಾಗೇ ಹೇಳಿದ. ಹುಡುಗಿಯ ಸೋದರಮಾವ ಕುಷ್ಟಗಿಯ ಕಚೇರಿಯಲ್ಲಿ ಜವಾನನಾಗಿದ್ದ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಊಟವಾದ ಮೇಲೆ ಕೈಗೆ ನೀರು ಹಾಕಲು ಅವನನ್ನು ಹಿತ್ತಲಿಗೆ ಕರೆದೊಯ್ದೆ. ಅವನು ಸುತ್ತ ನೋಡಿ, ಮನಿ ಸಣ್ಣದ ಐತಿ ಬಿಡ್ರಿ ಅಂದ. ನಗುತ್ತಲೇ ಅಂದ. ನಾನು ಚರಿಗೆ ಹಿಡಿದುಕೊಂಡೇ ಒಳ್ಳಿನ ಪಕ್ಕ ಹೋಗಿ, ಅಜ್ಜಿಯ ಕಾಲದಿಂದ ಯಾರೂ ತುಳಿಯದ ಜಾಗವನ್ನು ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ತೋರಿಸಿದೆ.

"ಮನಿ ಮ್ಯಾಲೆ ಸಣ್ಣದ್ರಿ, ಕೆಳಗ ದೊಡ್ಡದೈತಿ" ಅಂದೆ.

ಮದುವೆಯಾದ ಮೂರನೆಯ ವರ್ಷ ಮಾವನ ಮನೆಯ ಊಟದಲ್ಲಿ ಆ ಸೋದರಮಾವ ತಾನಾಗಿ ಅದನ್ನು ತೆಗೆದ. ನಮ್ಮ ಹುಡುಗೀನ್ನ ಎಂಥಾ ಮನಿಗೆ ಕೊಡಾಕತ್ತೀವಿ ಎಂದು ಕಚೇರಿಯಲ್ಲಿ ಹೆಮ್ಮೆಯಿಂದ ಹೇಳಿದ್ದನಂತೆ, ಹಿಮ್ಮಡಿ ಕುಟ್ಟಿದ್ದನ್ನೂ ಮಾಡಿ ತೋರಿಸಿದ್ದನಂತೆ. ಗಿರದಾವರ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದನಂತೆ. "ನಾ ಏನ ಮಾಡ್ಲೆಪಾ ಅಳಿಯ, ಹೊಗಳಾಕ ಹೋಗಿ ಹಿಂಗಾತು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೆ ಆವತ್ತು ಮೊದಲ ಸಲ ತಿಳಿಯಿತು ಎಂದು ಬರೆದರೆ ಅದು ಸುಳ್ಳು. ಗಿರದಾವರ ನಮ್ಮ ಹಿತ್ತಲಿನಲ್ಲಿ ನಿಂತು ಹಿಮ್ಮಡಿಯಿಂದ ಎರಡು ಸಲ ಕುಟ್ಟಿದಾಗಲೇ ನನ್ನೊಳಗೆ ಯಾರೋ ಇದು ನಿನ್ನ ಕಾಲು ಅಂದಿದ್ದರು. ತಂಗಿ ಸಾಲಿಯಲ್ಲಿ ಆಡಿದ ಮಾತಿನಿಂದ ತಿಳಿದವನಾಗಿದ್ದರೆ ಒಳ್ಳಿನ ಸುತ್ತ ಹುಡುಕಬೇಕಿತ್ತು, ಅವನು ಹುಡುಕಲಿಲ್ಲ. ನಾನು ಕಂಡಿದ್ದೆ. ಕಂಡದ್ದನ್ನು ಹೇಳುವ ಬದಲು, ಏನು ನೋಡಿ ಹಂಗಂತಿ ಎಂದು ಕೇಳಿದವಳ ಕೆನ್ನೆಗೆ ಹೊಡೆದಿದ್ದೆ.

ವಹಿಯನ್ನು ಸುಡಲಿಲ್ಲ. ಅಟ್ಟದ ಮೇಲೆ ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದೆ. ಎರಡು ಸಲ ತೆಗೆದು ನೋಡಿದ್ದೆ. ಮಾಸ್ತರು ಕೂಡಿಸಿ ಬರೆದ ಅಕ್ಷರ ನನಗೆ ಇರುವೆಯ ಸಾಲಿನ ಹಾಗೆ ಕಾಣುತ್ತಿತ್ತು. ಬೇರೆಯವರಿಂದ ಓದಿಸಲು ಅಂಜಿಕೆ. ನನ್ನ ಮಗ ಸಾಲಿಗೆ ಹೋಗತೊಡಗಿದ ಮೇಲೆ ಅವನ ಪಕ್ಕ ಕೂತು, ಅವನ ಪುಸ್ತಕದಲ್ಲೇ, ಅವನಿಗೆ ಕಲಿಸುವ ನೆಪದಲ್ಲಿ ಕಲಿತೆ. ಅವನು ನಾಲ್ಕನೆಯ ತರಗತಿಗೆ ಬರುವ ಹೊತ್ತಿಗೆ ನಾನು ಬಸ್ಸಿನ ಹಲಗೆ, ಅಂಗಡಿಯ ಹಲಗೆ ಎಲ್ಲ ಓದುತ್ತಿದ್ದೆ. ಆಗ ಅಟ್ಟ ಹತ್ತಿದೆ.

ತಂಗಿಯ ಪುಟ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಮೇಲೆ ಅವಳ ಹೆಸರು, ಕೆಳಗೆ ಗೆರೆ ಎಳೆದಿತ್ತು. ಅದರಲ್ಲಿದ್ದದ್ದು ಇಷ್ಟು: "ಇವತ್ತು ಮೊದಲ ಸಲ ತಾನಾಗಿ ಕೈ ಎತ್ತಿದಳು. ದಾರಿ ಕಲ್ಲನ್ನು ಬಳಸಿ ಹೋಗಿದೆ ಎಂದಳು. ಯಾರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಕಲ್ಲಿನ ಕೆಳಗೆ" ಎಂದು ಬರೆದು, ಒಂದು ಮಾತಿನಷ್ಟು ಜಾಗ ಖಾಲಿ ಬಿಟ್ಟು, "ಇದೆ ಎಂದಳು. ಕಾರಣವನ್ನೂ ಸರಿಯಾಗಿ ಕೊಟ್ಟಳು. ಮನೆಯ ಮಾತು, ಬರೆಯಬಾರದು. ನಾಳೆ ದಾರಿ, ಕಲ್ಲು, ಬಳಸು ಎಂಬ ಮಾತುಗಳಿಂದ ಓದಿನ ಪಾಠ. ಮೊದಲು ಅವಳಿಂದಲೇ ಓದಿಸಬೇಕು."

ಮಾಸ್ತರನ್ನು ಹುಡುಕಿ ಯಲಬುರ್ಗಾ ಕಡೆ ಹೋದೆ. ಗಂಗಾವತಿ ಕಡೆ ಹೋದರು ಅಂದರು. ಅಲ್ಲಿ ಹೋದರೆ ಅಲ್ಲಿಂದಲೂ ಹೋಗಿದ್ದರು. ತಿರುಗಿ ಬರುವಾಗ ಕೊಪ್ಪಳದಲ್ಲಿ ಬಸ್ಸು ಇಳಿದು ಕಿನ್ನಾಳಕ್ಕೂ ಹೋದೆ. ಬಣ್ಣ ಹಚ್ಚುವ ಒಬ್ಬ ವಯಸ್ಸಾದವನಿಗೆ ಆ ಹಲಗೆ ನೆನಪಿತ್ತು. ಕಣ್ಣು ಬರೆಯುವಾಗ ಕೈ ಜಾರಿ ಕೆಟ್ಟಿತ್ತು, ಯಾರೂ ಒಯ್ಯದೆ ಮೂಲೆಯಲ್ಲಿ ಬಿದ್ದಿತ್ತು, ಒಬ್ಬ ಸಾಲಿ ಮಾಸ್ತರು ಬಂದು ಇದೇ ಬೇಕು ಅಂದರು ಎಂದ. ಗೌಡರ ಹುಡುಗ ಮೊದಲು ಅಂದದ್ದೇ ಖರೆ ಇತ್ತು. ಮತ್ತೆ ಆ ಕಲ್ಲು ಬಳಸಿದ ದಾರಿ ಎಂದು ಕೇಳಿದೆ. ಮುದುಕ ಕುಂಚ ಒರೆಸಿಕೊಳ್ಳುತ್ತ, "ಅದು ತಪ್ಪಿದ್ದಲ್ಲಪಾ. ನಮ್ಮ ಮನಿ ಅಂಗಳ ಅದು" ಎಂದಷ್ಟೇ ಅಂದ.

ತಂಗಿಯನ್ನು ತಾವರಗೇರಾದ ಆಚೆಯ ಹಳ್ಳಿಗೆ ಕೊಟ್ಟಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ವಹಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನೀರು ಕೊಟ್ಟಳು, ಎಲ್ಲರನ್ನೂ ವಿಚಾರಿಸಿದಳು. ನನಗೂ ಅವಳಿಗೂ ನಡುವೆ ಮಾತು ಇಷ್ಟೇ ಉಳಿದಿತ್ತು, ಬೀಗರಿಗೆ ಇರುವಷ್ಟು. ನಾನು ವಹಿ ತೆಗೆದು ಶೇಂಗಾದ ರಾಶಿಯ ಪಕ್ಕ ಇಟ್ಟೆ. ರಟ್ಟಿನ ಬಣ್ಣ ಹೋಗಿತ್ತು, ಆದರೂ ಗುರುತು ಹಿಡಿದಳು. ಕೈ ಸೆರಗಿಗೆ ಒರೆಸಿಕೊಂಡು ಮುಟ್ಟಿದಳು. ಪುಟ ತಿರುವಿದಳು. ಅವಳಿಗೆ ಬಂದಿದ್ದ ಅಕ್ಷರಗಳೂ ಮರೆತುಹೋಗಿದ್ದವು.

ನಾನು ಓದಿ ಹೇಳುತ್ತೇನೆ ಎಂದೆ. ಬ್ಯಾಡ ಅಂದಳು. ಒಳಗೆ ಕೂಗಿ ಮಗಳನ್ನು ಕರೆದಳು. ಹತ್ತು ವರ್ಷದ ಹುಡುಗಿ, ಅವಳದೇ ಮೂಗು. ಐದನೆಯ ತರಗತಿ ಓದುತ್ತಿದ್ದಳು. ನಾನು ಮೂರು ದಿನ ಬೆರಳಿಟ್ಟು ಓದಿದ್ದ ಪುಟವನ್ನು ಅವಳು ನೀರು ಕುಡಿದ ಹಾಗೆ ಓದಿದಳು. ತಾಯಿಯ ಹೆಸರು ಬಂದಾಗ ತಲೆ ಎತ್ತಿ ನೋಡಿ ನಕ್ಕಳು. ತಂಗಿ ನಗಲಿಲ್ಲ, ಅವಳ ತುಟಿ ಮಗಳ ಓದಿನ ಜೊತೆ ಅಲ್ಲಾಡುತ್ತಿತ್ತು. ದಾರಿ ಕಲ್ಲನ್ನು ಬಳಸಿ ಹೋಗಿದೆ ಎಂದಳು. ಯಾರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಕಲ್ಲಿನ ಕೆಳಗೆ...

ಹುಡುಗಿ ನಿಂತಳು.

"ಯವ್ವಾ, ಇಲ್ಲಿ ಖಾಲಿ ಬಿಟ್ಟಾರ. ಏನಿತ್ತು ಇಲ್ಲಿ?"

ತಂಗಿ ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟಳು. ಆ ಪಡಸಾಲೆಯ ದಿನದ ನಂತರ ಅವಳು ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ಆಗಲೇ.

"ನಿಮ್ಮ ಮಾಮಾನ್ನ ಕೇಳು" ಅಂದಳು. "ಅವಗ ಗೊತ್ತೈತಿ."

ಹುಡುಗಿ ವಹಿಯ ಖಾಲಿ ಜಾಗದ ಮೇಲೆ ಬೆರಳಿಟ್ಟುಕೊಂಡು ನನ್ನ ಕಡೆ ತಿರುಗಿ ಕೂತಳು. ನಾನು ಚರಿಗೆಯ ನೀರನ್ನೆಲ್ಲ ಕುಡಿದು, ನನಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದ ದಿನದಿಂದ ಹೇಳತೊಡಗಿದೆ.